ಸವಿ ಮತ್ತು ಅರಿವು: ಒಂದು ಧಾತುವಿನ ವೃತ್ತಾಂತ

ಧಾತುಪಾಠವನ್ನು ಎಳೆಯ ವಯಸ್ಸಿನಲ್ಲಿ ಬಾಯಿಪಾಠಮಾಡಿದವರಿಗೆ ಒಂದು ಚಟವು ಕೊನೆಯವರೆಗೂ ಅಂಟಿಕೊಂಡಿರುತ್ತದೆ. ಯಾವ ಶಬ್ದವು ಕಿವಿಗೆ ಬಿದ್ದರೂ ಅದರ ಪ್ರಕೃತಿ ಯಾವುದು, ಪ್ರತ್ಯಯ ಯಾವುದು, ಮೂಲಾರ್ಥವೇನು ಎಂದು ಬಿಡಿಸಿ ನೋಡುವವರೆಗೆ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. ಬಸ್ಸಿನ ಹಲಗೆಯ ಮೇಲಿನ ಊರ ಹೆಸರು, ಔಷಧದ ಸೀಸೆಯ ಮೇಲಿನ ಅಕ್ಷರ, ಲಗ್ನಪತ್ರಿಕೆಯಲ್ಲಿನ ವರನ ನಾಮಧೇಯ, ಯಾವುದನ್ನೂ ಈ ಚಟವು ಬಿಡುವುದಿಲ್ಲ. ಇದು ನಿರಪಾಯವಾದುದೆಂದು ನಾನು ಬಹುಕಾಲ ನಂಬಿದ್ದೆನು. ಆದರೆ ಇದರ ದೆಸೆಯಿಂದಲೇ ನಾನು ಒಂದು ತಪ್ಪನ್ನು ಇಪ್ಪತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠವಾಗಿ ಹೇಳಿದೆನೆಂಬುದೂ, ನಮ್ಮ ಸಂಘದ ಒಂದು ವಾರ್ಷಿಕ ಸಭೆಯಲ್ಲಿ ಅದನ್ನೇ ವಿಸ್ತರಿಸಿ ಕರತಾಡನವನ್ನು ಪಡೆದೆನೆಂಬುದೂ ಈಗ ನನಗೆ ಗೊತ್ತಾಗಿದೆ. ಆದಕಾರಣ ಈ ಲೇಖನದಲ್ಲಿ ಅರ್ಧ ವ್ಯುತ್ಪತ್ತಿವಿಚಾರ, ಅರ್ಧ ತಪ್ಪೊಪ್ಪಿಗೆ. ಎರಡನ್ನೂ ವಾಚಕ ಮಹಾಶಯರು ಸಹನೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಶಾಲೆಯಲ್ಲಿ ಫ್ರೆಂಚ್ ಭಾಷೆಯನ್ನು ತೆಗೆದುಕೊಂಡಿದ್ದಾಳೆ. ಸಂಸ್ಕೃತವನ್ನು ಬಿಟ್ಟು ಅದನ್ನೇಕೆ ಹಿಡಿದಳೋ ಎಂದು ನನ್ನ ಮನಸ್ಸಿನಲ್ಲಿ ಸ್ವಲ್ಪ ಕಸಿವಿಸಿ ಇದ್ದುದು ನಿಜ. ಆದರೆ ಮಗುವಿನ ಉತ್ಸಾಹವನ್ನು ಕಂಡು ಬಾಯಿ ಮುಚ್ಚಿಕೊಂಡಿದ್ದೆನು. ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ಸಂಜೆ ಜಗಲಿಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದವಳು, “ತಾತ, ಫ್ರೆಂಚಿನಲ್ಲಿ ‘ಗೊತ್ತು’ ಅನ್ನೋದಕ್ಕೆ ಎರಡು ಕ್ರಿಯಾಪದ ಇದೆ. ಒಂದು ಸಾವ್ವಾರ್, ಇನ್ನೊಂದು ಕೊನೆತ್ರ್. ಯಾವಾಗ ಯಾವುದು ಅಂತ ನನಗೆ ತಲೆಗೇ ಹತ್ತೋದಿಲ್ಲ” ಎಂದಳು.

ನನಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಯಾವುದು? “ಮಗು, ‘ಆ ಮೇಷ್ಟರು ನನಗೆ ಪರಿಚಯ’ ಅನ್ನುವೆಯಷ್ಟೆ, ಅದು ಕೊನೆತ್ರ್. ‘ಮೇಷ್ಟರು ನಾಳೆ ಬರುತ್ತಾರೆಂದು ನನಗೆ ಗೊತ್ತು’ ಅನ್ನುವೆಯಷ್ಟೆ, ಅದು ಸಾವ್ವಾರ್” ಎಂದು ಮೊದಲು ಪ್ರಯೋಗಭೇದವನ್ನು ಹೇಳಿದೆನು. ಬಳಿಕ ಮೂಲಕ್ಕೆ ಇಳಿದೆನು. ಕೊನೆತ್ರ್ ಎಂಬುದು ಲ್ಯಾಟಿನ್ ಭಾಷೆಯ ಕೊಗ್ನೋಸ್ಕೆರೆ ಎಂಬುದರಿಂದ ಬಂದುದು. ಅದರ ನಡುವೆ ಇರುವ ‘ಗ್ನೋ’ ಎಂಬುದೂ ನಮ್ಮ ‘ಜ್ಞಾ’ ಧಾತುವೂ ಒಂದೇ ಮನೆತನದವು. ಇದು ಸರ್ವಸಮ್ಮತವಾದ ವಿಷಯ. ಸ್ಪೇನ್ ದೇಶದವರ ಕೊನೊಸೇರ್, ಇಟಲಿಯವರ ಕೊನೋಶೆರೆ ಎಲ್ಲವೂ ಅದರ ಮಕ್ಕಳೇ. ಇಷ್ಟು ಹೇಳಿ ಸಾವ್ವಾರ್ ಶಬ್ದಕ್ಕೆ ಬಂದಾಗ ನನ್ನ ಕಂಠವು ತಾನಾಗಿಯೇ ಸ್ವಲ್ಪ ಏರಿತು. ಏಕೆಂದರೆ ಅಲ್ಲಿಯೇ ನನ್ನ ಬಹುಕಾಲದ ಸಿದ್ಧಾಂತವಿದ್ದುದು.

“ಸಾವ್ವಾರ್ ಎಂಬುದರ ಲ್ಯಾಟಿನ್ ಮೂಲ ಸಪೆರೆ. ಅದರ ಮೊದಲ ಅರ್ಥ ತಿಳಿಯುವುದೆಂದಲ್ಲ, ರುಚಿನೋಡುವುದೆಂದು. ಪಕಾರವು ಸವೆದು ವಕಾರವಾಯಿತು. ಈಗ ನೋಡು, ರುಚಿಗೆ ನಮ್ಮ ಕನ್ನಡದಲ್ಲಿ ಏನನ್ನುತ್ತೇವೆ? ಸವಿ! ಸವಿ, ಸಾವ್ವಾರ್, ಇಂಗ್ಲಿಷಿನವರ ಸೇವರ್, ಎಲ್ಲ ಒಂದೇ ಬೇರಿನ ಕೊಂಬೆಗಳು” ಎಂದು ಸಭೆಯಲ್ಲಿ ಹೇಳಿದಂತೆಯೇ ಹೇಳಿ ಮುಗಿಸಿದೆನು.

ಮಗು ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲನ್ನು ಕಚ್ಚುತ್ತಿದ್ದು, “ನನ್ನ ಗೆಳತಿಯ ಮನೇಲಿ ತಮಿಳು ಮಾತಾಡ್ತಾರೆ ತಾತ. ಅವರು ಸವಿಗೆ ‘ಸುವೈ’ ಅಂತಾರೆ. ಲ್ಯಾಟಿನ್‌ನಲ್ಲಿ ‘ಪ’ ಇತ್ತು, ಫ್ರೆಂಚ್‌ನಲ್ಲಿ ಆಮೇಲೆ ‘ವ’ ಆಯ್ತು ಅಂತ ನೀವೇ ಹೇಳಿದ್ರಲ್ಲ. ಹಾಗಾದ್ರೆ ನಾವೂ ತಮಿಳರೂ ಅದನ್ನ ಫ್ರೆಂಚರಿಂದ ತಗೊಂಡ್ವಾ?” ಎಂದು ಕೇಳಿದಳು.

ನಾನು ಉತ್ತರ ಹೇಳಲಿಲ್ಲ. ದೀಪ ಹಚ್ಚುವ ಹೊತ್ತಾಯಿತೆಂದು ಎದ್ದೆನು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಲಮಾರಿನಿಂದ ಪುಸ್ತಕಗಳನ್ನು ಇಳಿಸಿದೆನು. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ನನ್ನಲ್ಲಿ ಬಹುದಿನದಿಂದ ಉಂಟು. ಬರೋ ಮತ್ತು ಎಮಿನೋ ಎಂಬ ವಿದ್ವಾಂಸರು ೧೯೬೧ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿಕೋಶದ ಪ್ರತಿಯೊಂದನ್ನು ನಿವೃತ್ತನಾದ ವರ್ಷ ಕೊಂಡಿದ್ದೆನು. ಕೊಂಡಿದ್ದೆನೇ ಹೊರತು ಈ ಪದಕ್ಕಾಗಿ ತೆರೆದಿರಲಿಲ್ಲ. ಗೊತ್ತಿದೆ ಎಂದುಕೊಂಡುದನ್ನು ಯಾರು ಹುಡುಕುತ್ತಾರೆ? ಅಲ್ಲಿ ಕನ್ನಡದ ಸವಿ, ತಮಿಳಿನ ಸುವೈ, ತೆಲುಗಿನ ಚವಿ ಎಲ್ಲವೂ ಒಂದೇ ಪಂಕ್ತಿಯಲ್ಲಿ ಅಕ್ಕತಂಗಿಯರಂತೆ ಕುಳಿತಿದ್ದವು. ತಮಿಳಿನ ತಿರುಕ್ಕುರಳ್ ಗ್ರಂಥದಲ್ಲಿಯೇ ಪಂಚೇಂದ್ರಿಯಗಳ ವಿಷಯಗಳನ್ನು ಎಣಿಸುವೆಡೆ ಸುವೈ ಎಂಬ ಪದವು ಬಂದಿದೆ. ಫ್ರೆಂಚ್ ಭಾಷೆಯ ಅತಿ ಹಳೆಯ ಬರೆಹವೆಂದು ಗಣ್ಯವಾದುದು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಷಾರ್ಲೆಮೇನ್ ಚಕ್ರವರ್ತಿಯ ಇಬ್ಬರು ಮೊಮ್ಮಕ್ಕಳು ೮೪೨ನೆಯ ಇಸವಿಯಲ್ಲಿ ಮಾಡಿದ ಪ್ರತಿಜ್ಞೆ. ಆ ಚಿಕ್ಕ ಬರೆಹದಲ್ಲಿಯೂ ನಮ್ಮ ಕ್ರಿಯಾಪದವು ‘ಸವಿರ್’ ಎಂಬ ರೂಪದಲ್ಲಿ, ಜ್ಞಾನವೆಂಬ ಅರ್ಥದಲ್ಲಿ, ಕಾಣುತ್ತದೆ. ಸವಿರ್ ಎಂಬುದನ್ನು ಮೊದಲೇ ಕಂಡಿದ್ದರೆ ನಾನು ಹಿಗ್ಗಿ ಇನ್ನೊಂದು ಉಪನ್ಯಾಸವನ್ನೇ ಮಾಡುತ್ತಿದ್ದೆನೇನೋ! ಆದರೆ ಅದಕ್ಕೆ ಬಹು ಮೊದಲೇ ತಮಿಳರು ಸುವೈಯನ್ನು ಸುವೈಯೆಂದೇ ಕರೆಯುತ್ತಿದ್ದರು. ಎರಡು ಶಬ್ದಗಳ ಧ್ವನಿ ಹೋಲುವುದು ಕಾಕತಾಳೀಯ. ಬೇರುಗಳು ಬೇರೆ ಬೇರೆ ಮಣ್ಣಿನವು.

ಧ್ವನಿಯ ಹೋಲಿಕೆಯೇ ಪ್ರಮಾಣವೆನ್ನುವುದಾದರೆ ಸಪೆರೆ ಎಂಬುದಕ್ಕೆ ಸವಿಗಿಂತಲೂ ಹತ್ತಿರವಾದ ಕನ್ನಡ ಪದ ಒಂದಿದೆ. ಅದು ‘ಸಪ್ಪೆ’! ಪಕಾರವೂ ಸವೆಯದೆ ಇದೆ. ಆದರೆ ಅರ್ಥವೋ ರುಚಿಯಿಲ್ಲದ್ದೆಂದು. ನನ್ನ ನ್ಯಾಯದಿಂದ ನಡೆದರೆ ರುಚಿಯೂ ಸಪ್ಪೆಯೂ ಒಂದೇ ಎಂದು ಸಾಧಿಸಬೇಕಾಗುತ್ತಿತ್ತು. ಸಂಸ್ಕೃತದಲ್ಲಿಯೂ ಸಪ್ ಎಂಬ ಧಾತು ಉಂಟು. ಪಾಠಶಾಲೆಯಲ್ಲಿ ಅದಕ್ಕೆ ಸಮವಾಯವೆಂಬ ಅರ್ಥವನ್ನು ಕಲಿತಿದ್ದೆವು. ರುಚಿಗೂ ಅದಕ್ಕೂ ನಂಟಿಲ್ಲ. ಇವೆರಡೂ ನನ್ನ ನಾಲಗೆಯ ತುದಿಯಲ್ಲಿಯೇ ಇದ್ದ ಶಬ್ದಗಳು. ಇಪ್ಪತ್ತು ವರ್ಷ ಅವು ನನ್ನನ್ನು ಎಚ್ಚರಿಸಲಿಲ್ಲ. ನಾನು ಕೇಳಲಿಲ್ಲ ಎನ್ನುವುದೇ ಸರಿ.

ಸುಳ್ಳು ಮನೆತನವನ್ನು ಕಳಚಿದ ಮೇಲೆ ಆ ಕ್ರಿಯಾಪದದ ನಿಜವಾದ ಚರಿತ್ರೆಯನ್ನಾದರೂ ಸರಿಯಾಗಿ ತಿಳಿಯೋಣವೆಂದು ಅಂದಿನಿಂದ ಕೆಲವು ತಿಂಗಳು ಓದಿದೆನು. ಅದು ನನ್ನ ಕಲ್ಪನೆಗಿಂತ ಸೊಗಸಾಗಿದೆ.

ರೋಮನರ ಶಿಷ್ಟಭಾಷೆಯಲ್ಲಿ ತಿಳಿಯುವುದಕ್ಕೆ ಸಾಮಾನ್ಯವಾಗಿ ಬಳಸುತ್ತಿದ್ದ ಕ್ರಿಯಾಪದ ಸಪೆರೆ ಅಲ್ಲ, ಸ್ಕೀರೆ. ಇಂಗ್ಲಿಷಿನ ಸೈನ್ಸ್ ಎಂಬ ಶಬ್ದವು ಅದರಿಂದಲೇ ಬಂದುದು. ಸಪೆರೆ ಎಂಬುದನ್ನು ಮೊದಲು ಆಹಾರದ ವಿಷಯದಲ್ಲಿ ಹೇಳುತ್ತಿದ್ದರು. ಪದಾರ್ಥಕ್ಕೆ ರುಚಿಯಿದೆ ಎಂದು. ಬಳಿಕ ಮನುಷ್ಯನಿಗೆ ರುಚಿಯನ್ನು ಗುರುತಿಸುವ ಶಕ್ತಿಯಿದೆ ಎಂದಾಯಿತು. ಅದರಿಂದ ಒಳ್ಳೆಯದು ಕೆಟ್ಟದ್ದನ್ನು ಗುರುತಿಸುವ ಶಕ್ತಿ, ಅಂದರೆ ವಿವೇಕ, ಎಂಬ ಅರ್ಥ ಹುಟ್ಟಿತು. ಸಪಿಯೆನ್ಸ್ ಎಂದರೆ ವಿವೇಕಿ. ೧೭೫೮ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಮನುಷ್ಯಜಾತಿಗೆ ಹೋಮೋ ಸಪಿಯೆನ್ಸ್ ಎಂದು ನಾಮಕರಣ ಮಾಡಿದಾಗ, ಅರಿತವನೆಂಬ ಬಿರುದಿನೊಳಗೆ ರುಚಿಬಲ್ಲವನೆಂಬ ಹಳೆಯ ಅರ್ಥವೂ ಅಡಗಿ ಕುಳಿತಿತು. ಕ್ರಿಸ್ತಪೂರ್ವ ೪೫ರ ಸುಮಾರಿನಲ್ಲಿ ರಚಿತವಾದ ಸಿಸೆರೋ ಪಂಡಿತನ ಒಂದು ತತ್ತ್ವಗ್ರಂಥದಲ್ಲಿ ಈ ಎರಡು ಅರ್ಥಗಳನ್ನೂ ಒಂದೇ ವಾಕ್ಯದಲ್ಲಿ ಹೆಣೆದು ಶ್ಲೇಷೆಮಾಡಲಾಗಿದೆ. ಒಂದು ಹೃದಯದ ಸಪೆರೆ, ಇನ್ನೊಂದು ಅಂಗುಳಿನ ಸಪೆರೆ.

ಸೈನಿಕರೂ ವರ್ತಕರೂ ಒಕ್ಕಲಿಗರೂ ಆಡುತ್ತಿದ್ದ ಲ್ಯಾಟಿನ್ನಿಗೂ ಸಿಸೆರೋ ಬರೆದ ಲ್ಯಾಟಿನ್ನಿಗೂ ಇದ್ದ ಅಂತರವು ನಮ್ಮ ಪ್ರಾಕೃತಕ್ಕೂ ಸಂಸ್ಕೃತಕ್ಕೂ ಇದ್ದ ಅಂತರದಂಥದು. ಆಡುಮಾತಿನಲ್ಲಿ ಪಂಡಿತರ ಸ್ಕೀರೆ ಹಿಂದೆ ಸರಿದು, ಊಟದ ಮನೆಯ ಸಪೆರೆ ಮುಂದೆ ಬಂದಿತು. ನಮ್ಮಲ್ಲಿ ಧಾತುವು ಒಂದು ಗಣದಿಂದ ಇನ್ನೊಂದು ಗಣಕ್ಕೆ ಹೋಗುವಂತೆ ಅದೂ ತನ್ನ ಗಣವನ್ನು ಬದಲಾಯಿಸಿತು. ಮೊದಲ ಅಕ್ಷರದ ಮೇಲಿದ್ದ ಒತ್ತು ನಡುವಿನ ಅಕ್ಷರಕ್ಕೆ ಇಳಿದು, ಅಲ್ಲಿನ ಎಕಾರವು ದೀರ್ಘವಾಯಿತು. ಆ ರೂಪದಿಂದಲೇ ಇಟಲಿಯ ಸಪೇರೆ, ಸ್ಪೇನಿನ ಮತ್ತು ಪೋರ್ಚುಗಲ್ಲಿನ ಸಬೇರ್, ಫ್ರಾನ್ಸಿನ ಸಾವ್ವಾರ್ ಹುಟ್ಟಿದವು. ಇಟಲಿಯಲ್ಲಿ ಪಕಾರ ಪಕಾರವಾಗಿಯೇ ಉಳಿಯಿತು, ಸ್ಪೇನಿನಲ್ಲಿ ಬಕಾರವಾಯಿತು, ಫ್ರಾನ್ಸಿನಲ್ಲಿ ವಕಾರವಾಯಿತು. ಇದು ಈ ಒಂದು ಪದದ ಹಣೆಬರಹವಲ್ಲ, ನಿಯಮ. ಮೇಕೆಗೆ ಲ್ಯಾಟಿನ್ನಿನಲ್ಲಿ ಕಾಪ್ರ. ಇಟಲಿಯಲ್ಲಿ ಕಾಪ್ರ, ಸ್ಪೇನಿನಲ್ಲಿ ಕಾಬ್ರ, ಫ್ರಾನ್ಸಿನಲ್ಲಿ ಶೆವ್ರ್. ತದ್ಭವಪ್ರಕರಣವನ್ನು ಓದಿದವರಿಗೆ ಇದು ಹೊಸದಲ್ಲ. ಸಂಸ್ಕೃತದ ದೀಪಿಕಾ ನಮ್ಮಲ್ಲಿ ದೀವಿಗೆಯಾದುದೂ ಹೀಗೆಯೇ; ಪಕಾರವು ವಕಾರ, ಕಕಾರವು ಗಕಾರ. ಹದಿಮೂರನೆಯ ಶತಮಾನದಲ್ಲಿ ನಮ್ಮ ಕೇಶಿರಾಜನು ಇಂಥ ವಿಕಾರಗಳನ್ನು ಸೂತ್ರಗಳಲ್ಲಿ ಕಟ್ಟಿಟ್ಟನು. ಜರ್ಮನಿಯ ಫ್ರೀಡ್ರಿಖ್ ಡೀಟ್ಸ್ ಎಂಬ ವಿದ್ವಾಂಸನು ೧೮೩೬ರಿಂದ ರೋಮಾನ್ಸ್ ಭಾಷೆಗಳ ವ್ಯಾಕರಣವನ್ನೂ ೧೮೫೩ರಲ್ಲಿ ಅವುಗಳ ವ್ಯುತ್ಪತ್ತಿಕೋಶವನ್ನೂ ಪ್ರಕಟಿಸಿ, ಧ್ವನಿನಿಯಮಕ್ಕೆ ಒಳಪಡದ ವ್ಯುತ್ಪತ್ತಿಯು ಊಹೆಯಷ್ಟೇ ಎಂಬ ಶಿಸ್ತನ್ನು ಆ ಕ್ಷೇತ್ರದಲ್ಲಿ ನೆಲೆಗೊಳಿಸಿದನು.

ಎಲ್ಲರೂ ಸಪೆರೆಯ ಮಕ್ಕಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಪೂರ್ವದಲ್ಲಿ ದೂರವಾಗಿ ಉಳಿದ ರುಮೇನಿಯದವರು ಇಂದಿಗೂ ತಿಳಿಯುವುದಕ್ಕೆ ‘ಶ್ತಿ’ ಎನ್ನುತ್ತಾರೆ; ಸಾರ್ಡೀನಿಯ ದ್ವೀಪದವರದು ‘ಇಸ್ಕಿರೆ’. ಇವೆರಡೂ ಹಳೆಯ ಸ್ಕೀರೆಯ ರೂಪಗಳು. ಹಿರಿಯರ ಹಳೆಯ ಒಡವೆಯು ದೂರದ ಹಳ್ಳಿಯ ನೆಂಟರ ಮನೆಯಲ್ಲಿ ಉಳಿದಿರುವಂತೆ, ರಾಜಧಾನಿಯಲ್ಲಿ ಮರೆತ ಶಬ್ದವು ಅಂಚಿನಲ್ಲಿ ಉಳಿಯಿತು.

ಸಪೆರೆಯ ಮಕ್ಕಳಲ್ಲಿಯೂ ಎಲ್ಲರ ಬಾಳು ಒಂದೇ ರೀತಿಯದಲ್ಲ. ಸ್ಪೇನಿನವರಲ್ಲಿ ‘ಸಾಬೆ’ ಎಂಬ ಒಂದೇ ರೂಪಕ್ಕೆ ‘ಅವನು ಬಲ್ಲ’ ಎಂದೂ ಅರ್ಥ, ‘ರುಚಿಯಾಗಿ ತೋರುತ್ತದೆ’ ಎಂದೂ ಅರ್ಥ. ಸಾರು ಉಪ್ಪಾಗಿದೆ ಎನ್ನುವಾಗಲೂ ಹುಡುಗನಿಗೆ ಪಾಠ ಬರುತ್ತದೆ ಎನ್ನುವಾಗಲೂ ಅವರಿಗೆ ಅದೇ ಕ್ರಿಯಾಪದ. ಪೋರ್ಚುಗೀಸರಲ್ಲಿಯೂ ಹಾಗೆಯೇ, ಇಟಲಿಯವರಲ್ಲಿಯೂ ಆ ಬಳಕೆ ಇದೆ. ಫ್ರೆಂಚರ ಸಾವ್ವಾರ್ ಮಾತ್ರ ರುಚಿಯನ್ನು ಕಳೆದುಕೊಂಡಿತು. ರುಚಿಗೆ ಅವರಲ್ಲಿ ಸಾವೆರ್ ಎಂಬ ನಾಮಪದ ಬೇರೆಯಾಗಿ ಉಳಿಯಿತು. ಕ್ರಿಯಾಪದಕ್ಕೆ ಅರಿವೊಂದೇ ಗತಿಯಾಯಿತು.

ಪೋರ್ಚುಗೀಸರ ಹಡಗುಗಳ ಮೂಲಕ ಸಬೇರ್ ಬಹು ದೂರ ಪ್ರಯಾಣಮಾಡಿತು. ನೈಜೀರಿಯದ ಪಿಜಿನ್ ಮಾತಿನಲ್ಲಿ ಬಲ್ಲೆನೆಂಬುದಕ್ಕೆ ‘ಸಾಬಿ’ ಎನ್ನುತ್ತಾರೆ. ಪಪುವಾ ನ್ಯೂ ಗಿನಿಯದ ಟೋಕ್ ಪಿಸಿನ್ ಭಾಷೆಯಲ್ಲಿ ‘ಸಾವೆ’ ಎನ್ನುತ್ತಾರೆ. ನಮ್ಮ ಪಡುವಣ ಕರಾವಳಿಗೂ ಅವರು ಬಂದರು. ಗೋವೆಯು ೧೫೧೦ರಿಂದ ೧೯೬೧ರವರೆಗೆ ಅವರ ಕೈಯಲ್ಲಿದ್ದಿತು. ಪಾದ್ರಿ, ಇಗರ್ಜಿ, ಅಲಮಾರು, ಚಾವಿ, ಅನಾನಸು ಎಂಬ ಮಾತುಗಳು ಆ ಹಡಗುಗಳಿಂದ ಇಳಿದು ನಮ್ಮ ಮನೆಯೊಳಕ್ಕೆ ಬಂದವು. ಆದರೆ ಸಬೇರ್ ಇಳಿಯಲಿಲ್ಲ. ವಸ್ತುವಿನೊಡನೆ ಅದರ ಹೆಸರನ್ನು ಕೊಂಡುಕೊಳ್ಳಬಹುದು. ಅರಿಯುವುದಕ್ಕೆ ನಮ್ಮಲ್ಲಿ ಅರಿ, ತಿಳಿ, ಬಲ್ಲ, ಗೊತ್ತು ಎಂದು ಮೊದಲೇ ಮನೆತುಂಬ ಮಾತುಗಳಿದ್ದವು. ಸಾಲದ ಅಗತ್ಯವೇ ಬೀಳಲಿಲ್ಲ.

ಈ ಓದಿನಲ್ಲಿ ನನಗೆ ಒಬ್ಬ ಜೊತೆಗಾರನೂ ಸಿಕ್ಕಿದನೆಂದು ಹೇಳಿದರೆ ಆತ್ಮಪ್ರಶಂಸೆಯಾದೀತು. ಒಂದು ಸಮಾಧಾನ ಸಿಕ್ಕಿತೆನ್ನೋಣ. ಫ್ರಾನ್ಸಿನ ವಿದ್ವಾಂಸರು ಹದಿನೈದನೆಯ ಶತಮಾನದ ವೇಳೆಗೆ ಸಾವ್ವಾರ್ ಎಂಬುದು ಸಪೆರೆಯಿಂದ ಬಂದುದಲ್ಲ, ಸ್ಕೀರೆಯಿಂದ ಬಂದುದೆಂದು ಭ್ರಮಿಸಿ, ಬರೆಯುವಾಗ ಸಕಾರದ ಪಕ್ಕದಲ್ಲಿ ಉಚ್ಚಾರಣೆಯಲ್ಲಿಲ್ಲದ ಒಂದು ಅಕ್ಷರವನ್ನು ಸೇರಿಸಿಬಿಟ್ಟರು. ಸ್ಕೀರೆಯಲ್ಲಿನ ಕಕಾರದ ಗುರುತು ಅದು. ಕೆಲವು ತಲೆಮಾರುಗಳು ಆ ಸುಳ್ಳು ಅಕ್ಷರವನ್ನು ಶ್ರದ್ಧೆಯಿಂದ ಬರೆದವು. ಕೊನೆಗೆ ಅದು ತಪ್ಪೆಂದು ತಿಳಿದು ಬಿಟ್ಟರು. ಏಳನೆಯ ಶತಮಾನದಲ್ಲಿ, ೬೩೬ರಲ್ಲಿ, ದಿವಂಗತನಾದ ಸೆವಿಲ್ಲಿನ ಧರ್ಮಾಧ್ಯಕ್ಷ ಇಸಿದೋರನು ವ್ಯುತ್ಪತ್ತಿಗಳ ದೊಡ್ಡ ಗ್ರಂಥವನ್ನು ಬರೆದನು. ನಾಲಗೆಯು ಆಹಾರಗಳನ್ನು ವಿಂಗಡಿಸುವಂತೆ ವಿವೇಕಿಯು ವಿಷಯಗಳನ್ನು ವಿಂಗಡಿಸುವುದರಿಂದ ಸಪಿಯೆನ್ಸ್ ಎಂಬ ಹೆಸರು ರುಚಿಯಿಂದ ಬಂದಿತೆಂದು ಅವನು ಸರಿಯಾಗಿಯೇ ಹೇಳಿದನು. ಅದೇ ಪಂಡಿತನು ಅದೇ ಗ್ರಂಥದಲ್ಲಿ, ಜೇನುನೊಣವು ಹುಟ್ಟುವಾಗ ಕಾಲಿಲ್ಲದ್ದಾದುದರಿಂದ ಅದಕ್ಕೆ ಆಪಿಸ್ ಎಂಬ ಹೆಸರು ಬಂದಿರಬಹುದೆಂದೂ ಹೇಳಿದನು. ‘ಆ’ ಎಂದರೆ ಇಲ್ಲದ, ‘ಪೆಸ್’ ಎಂದರೆ ಕಾಲು! ನಮ್ಮ ಯಾಸ್ಕಾಚಾರ್ಯರು ಅಗ್ನಿಯನ್ನು ಅಗ್ರಣೀ ಎಂದು ಬಿಡಿಸಿದುದನ್ನು ಪಾಠಶಾಲೆಯಲ್ಲಿ ನಾವು ತಲೆದೂಗಿ ಓದಿದವರು. ಅದು ಅಗ್ನಿಯ ಮಹಿಮೆಯನ್ನು ತಿಳಿಸುವ ಮಾರ್ಗ. ಶಬ್ದದ ವಂಶಾವಳಿಯನ್ನು ತಿಳಿಸುವ ಮಾರ್ಗ ಬೇರೆ. ಎರಡಕ್ಕೂ ಸ್ಥಾನವುಂಟು. ಒಂದನ್ನು ಇನ್ನೊಂದೆಂದು ಮಕ್ಕಳಿಗೆ ಹೇಳಿದುದು ನನ್ನ ಅಪರಾಧ.

ಅಷ್ಟರಲ್ಲಿ ಈ ವಿಚಾರವನ್ನು ಮುಗಿಸಬಹುದಾಗಿತ್ತು. ಆದರೆ ಫ್ರೆಂಚರ ಕ್ರಿಯಾಪದವು ರುಚಿಯನ್ನು ಕಳೆದುಕೊಂಡು ಅರಿವನ್ನು ಮಾತ್ರ ಉಳಿಸಿಕೊಂಡಿತೆಂದು ಓದಿದ ದಿನ ನನಗೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನೆನಪಾಯಿತು. ಮನೆಯ ಮಾತನ್ನು ಪತ್ರಿಕೆಯಲ್ಲಿ ಬರೆಯಲು ನನ್ನ ಗೃಹಿಣಿಯ ಅಪ್ಪಣೆಯನ್ನು ಪಡೆದಿದ್ದೇನೆ.

೨೦೨೧ರ ಮೇ ತಿಂಗಳಿನಲ್ಲಿ ಕೋವಿಡ್ ಜ್ವರವು ನಮ್ಮ ಬೀದಿಗೂ ಬಂದಿತು. ಬೀದಿಯಲ್ಲಿ ಇಬ್ಬರು ಹೋಗಿಬಿಟ್ಟರು. ನಮ್ಮ ಮನೆಯಲ್ಲಿ ಅದು ನನ್ನನ್ನು ಬಿಟ್ಟು ಅವಳನ್ನು ಹಿಡಿಯಿತು. ದೇವರ ದಯದಿಂದ ಎರಡು ವಾರದಲ್ಲಿ ಜ್ವರ ಬಿಟ್ಟಿತು. ಆದರೆ ಬಿಡುವಾಗ ರುಚಿಯನ್ನೂ ವಾಸನೆಯನ್ನೂ ತನ್ನೊಡನೆ ಒಯ್ದಿತು. ನಲವತ್ತು ವರ್ಷ ಅಡಿಗೆಮನೆಯನ್ನು ಆಳಿದವಳಿಗೆ ಹುಣಿಸೆಯೂ ಬೆಲ್ಲವೂ ಒಂದೇ ಆಯಿತು. ನಾಲ್ಕು ದಿನ ವಿಶ್ರಾಂತಿಯ ಬಳಿಕ ಯಾರು ಬೇಡವೆಂದರೂ ಕೇಳದೆ ಸೌಟು ಹಿಡಿದಳು. ಮೊದಲ ದಿನ ಬಟ್ಟಲಿನಲ್ಲಿ ಸಾರು ತಂದು ನನ್ನ ಮುಂದಿಟ್ಟು, “ರೀ, ಸ್ವಲ್ಪ ನೋಡಿ. ಉಪ್ಪು ಸರಿಯಾಗಿದೆಯಾ?” ಎಂದಳು.

“ಸರಿಯಾಗಿದೆ” ಎಂದೆನು. ನಿಜವಾಗಿಯೂ ಸರಿಯಾಗಿತ್ತು, ಎಂದಿನಂತೆಯೇ ಇತ್ತು.

“ಹುಳಿ?”

“ಅದೂ ಸರಿ.”

“ಹಿಂಗು ಹಾಕಿದೆನೋ ಇಲ್ಲವೋ ಅಂತ ನೆನಪಾಗ್ತಿಲ್ಲ. ಹಾಕಿದೀನಾ?”

ಇನ್ನೊಂದು ಗುಟುಕು ಕುಡಿದೆನು. ಮತ್ತೊಂದು ಗುಟುಕು ಕುಡಿದೆನು. ರುಚಿಯಾಗಿತ್ತು, ಆದರೆ ಅದರಲ್ಲಿ ಹಿಂಗಿತ್ತೋ ಇಲ್ಲವೋ ಹೇಳಲು ನನ್ನಿಂದಾಗಲಿಲ್ಲ. ಆರು ರಸಗಳ ಹೆಸರು, ಅವುಗಳ ಗುಣ, ರಸಸಿದ್ಧಾಂತದ ಪೂರ್ವಪಕ್ಷ ಸಿದ್ಧಾಂತಪಕ್ಷ ಎಲ್ಲವೂ ನನಗೆ ಕಂಠಸ್ಥ. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ರಸವನ್ನು ನಾನಾ ವ್ಯಂಜನಗಳಿಂದ ಸಂಸ್ಕೃತವಾದ ಅನ್ನದ ದೃಷ್ಟಾಂತದಿಂದಲೇ ವಿವರಿಸಿದ್ದಾನೆಂದು ಎಷ್ಟು ಸಲ ಪಾಠ ಹೇಳಿಲ್ಲ! ಅಮರಕೋಶದಲ್ಲಿ ನಾಲಗೆಗೆ ‘ರಸಜ್ಞಾ’ ಎಂಬ ಹೆಸರಿರುವುದನ್ನು ಎಷ್ಟು ಮಕ್ಕಳಿಂದ ಒಪ್ಪಿಸಿಕೊಂಡಿಲ್ಲ! ರಸವನ್ನು ಅರಿಯತಕ್ಕ ಆ ಇಂದ್ರಿಯವು ನನ್ನ ಬಾಯಿಯಲ್ಲಿ ನಿರೋಗಿಯಾಗಿತ್ತು. ಆದರೆ ಅದು ಅರಿತಿರಲಿಲ್ಲ.

“ನಲವತ್ತು ವರ್ಷ ಊಟ ಮಾಡಿದೀರಲ್ಲ!” ಎಂದು ಅವಳು ನಕ್ಕಳು. ಜ್ವರ ಬಂದಂದಿನಿಂದ ಅದೇ ಅವಳ ಮೊದಲ ನಗು. ಬಳಿಕ ಒಗ್ಗರಣೆಯ ಸೌಟನ್ನು ಬೆಳಕಿಗೆ ಹಿಡಿದು, ಅದರ ಅಂಚಿಗೆ ಕಂದಾಗಿ ಅಂಟಿದ್ದ ಚೂರನ್ನು ತೋರಿಸಿ, “ಹಾಕಿದೀನಿ” ಎಂದು ಒಳಗೆ ಹೋದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆಯನ್ನು ನಾನು ಇತರರ ವಿಷಯದಲ್ಲಿ ಧಾರಾಳವಾಗಿ ಬಳಸುತ್ತಿದ್ದವನು. ಅಂದಿನಿಂದ ಸ್ವಲ್ಪ ಕಡಿಮೆ ಮಾಡಿದ್ದೇನೆ.

ಸುಮಾರು ಐದು ತಿಂಗಳು ಹೀಗೆಯೇ ನಡೆಯಿತು. ಉಪ್ಪನ್ನು ಮೂರು ಬೆರಳಿನಿಂದ, ಪುಡಿಯನ್ನು ಚಮಚದಿಂದ, ಬೇಳೆ ಬೆಂದುದನ್ನು ಬೆರಳಿನ ನಡುವೆ ಹಿಸುಕಿ, ಸಾರು ಕುದಿದುದನ್ನು ನೊರೆಯಿಂದ ತಿಳಿದು ಮಾಡುತ್ತಿದ್ದಳು. ಒಂದು ದಿನವೂ ಅಡಿಗೆ ಕೆಡಲಿಲ್ಲ. ಸವಿ ಹೋಗಿದ್ದಿತು, ಅರಿವು ಕೈಯಲ್ಲಿ ಉಳಿದಿದ್ದಿತು. ಇದು ನಾನು ಆಗ ಮೆಚ್ಚಿದ ಸಂಗತಿ. ಮೆಚ್ಚಿದೆನೇ ಹೊರತು ಅವಳ ಕಷ್ಟವನ್ನು ತಿಳಿದಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಕುಳಿತವಳು ಎರಡು ತುತ್ತು ತಿಂದು ಕೈ ತೊಳೆದು ಎದ್ದಳು. ಏಕೆಂದು ಕೇಳಿದರೆ, “ನಾಲಗೆಗೆ ಏನೂ ಗೊತ್ತಾಗೋದಿಲ್ಲ ರೀ. ಗೊತ್ತಾಗದ್ದನ್ನು ಎಷ್ಟೂಂತ ತಿನ್ನೋದು?” ಎಂದಳು. ನಾನು ವೈದ್ಯರ ಮಾತನ್ನು ಹೇಳಿ ಸಮಾಧಾನಮಾಡಿದೆನು. ಅವಳ ಮಾತನ್ನು ಕೇಳಿದೆನು, ಶಬ್ದವನ್ನು ಕೇಳಲಿಲ್ಲ.

ಸಪೆರೆಯ ಚರಿತ್ರೆಯನ್ನು ಓದುವಾಗ ಆ ಶಬ್ದವು ಮತ್ತೆ ಕೇಳಿಸಿತು. ರುಚಿ *ಗೊತ್ತಾಗುವುದಿಲ್ಲ*. ನಾಲಗೆಗೆ *ತಿಳಿಯುವುದಿಲ್ಲ*. ರೋಮನರು ರುಚಿಯ ಮಾತನ್ನು ಅರಿವಿಗೆ ಹಚ್ಚಿದರು. ಕನ್ನಡಿಗರು ಅರಿವಿನ ಮಾತನ್ನು ರುಚಿಗೆ ಹಚ್ಚುತ್ತೇವೆ. ಉಪ್ಪು ಹೆಚ್ಚಾದುದು ಬಾಯಿಗಿಟ್ಟೊಡನೆ ತಿಳಿಯುತ್ತದೆ ಎನ್ನುತ್ತೇವೆ. ಇದರಲ್ಲಿ ‘ತಿಳಿ’ ಎಂಬ ಶಬ್ದವನ್ನೂ ನೋಡಿರಿ. ಕದಡಿದ ನೀರು 
ನಿಂತು ನಿರ್ಮಲವಾದರೆ ತಿಳಿನೀರು. ಬೇಳೆಯ ಕಟ್ಟು ಕೆಳಗಿಳಿದು ಮೇಲೆ ನಿಂತದ್ದು ತಿಳಿಸಾರು. ನಮ್ಮ ಪೂರ್ವಿಕರಿಗೆ ಅರಿವು ಮೊದಲು ಕಂಡುದು ತಿಳಿಯಾದ ನೀರಿನಲ್ಲಿ. ಲ್ಯಾಟಿನ್ ಜನರಿಗೆ ಕಂಡುದು ನಾಲಗೆಯಲ್ಲಿ. ಫ್ರೆಂಚರು ಈಜಲು ಬರುತ್ತದೆ ಎನ್ನುವುದಕ್ಕೆ ಸಾವ್ವಾರ್ ಕ್ರಿಯಾಪದವನ್ನೇ ಹಚ್ಚುತ್ತಾರೆ. ನಾವು ‘ಈಜಬಲ್ಲ’ ಎನ್ನುತ್ತೇವೆ. ಅಲ್ಲಿಯೂ ಇಲ್ಲಿಯೂ ಬಲ್ಲುದೆಂದರೆ ಮಾಡಬಲ್ಲುದೆಂದು ಅರ್ಥ. ಅಡಿಗೆ ಬಲ್ಲವಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿನಲ್ಲಿ ರುಚಿಯೂ ಅರಿವೂ ಕೈಯೂ ಮೂರೂ ಸೇರಿವೆ.

ಹಾಗಾದರೆ ಸವಿಗೂ ಸಾವ್ವಾರ್‌ಗೂ ನಂಟಿಲ್ಲವೆ? ಶಬ್ದದ ವಂಶದಲ್ಲಿ ಇಲ್ಲ. ಇಲ್ಲವೆಂಬುದನ್ನು ನಾನು ಇಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಆದರೆ ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು, ಒಂದು ಟೈಬರ್ ನದಿಯ ದಡದಲ್ಲಿ, ಒಂದು ಕಾವೇರಿಯ ದಡದಲ್ಲಿ, ಬಾಯಿಗಿಟ್ಟು ನೋಡುವುದಕ್ಕೂ ಮನಸ್ಸಿನಲ್ಲಿ ತಿಳಿಯುವುದಕ್ಕೂ ಹತ್ತಿರದ ಸಂಬಂಧವನ್ನು ತಾವು ತಾವಾಗಿ ಕಂಡುಕೊಂಡವು. ಸಾಲವೂ ಇಲ್ಲದೆ ರಕ್ತಸಂಬಂಧವೂ ಇಲ್ಲದೆ ಬಂದ ಆ ಹೋಲಿಕೆಯು ನಾನು ಕಟ್ಟಿದ ಸುಳ್ಳು ವಂಶಾವಳಿಗಿಂತ ಹೆಚ್ಚಿನದೆಂದು ನನಗೆ ತೋರುತ್ತದೆ. ಅದನ್ನು ಕಾಣಲು ನಿಘಂಟು ಬೇಕಾಗಿರಲಿಲ್ಲ. ಎದುರಿಗೆ ಕುಳಿತು ಉಣ್ಣದೆ ಎದ್ದವಳ ಮಾತನ್ನು ಸರಿಯಾಗಿ ಕೇಳಿದ್ದರೆ ಸಾಕಾಗಿತ್ತು.

ಆ ವರ್ಷ ದೀಪಾವಳಿಯ ಹೊತ್ತಿಗೆ ಅವಳ ರುಚಿಯು ಮೆಲ್ಲನೆ ಮರಳಿತು. ಮೊದಲು ಬಂದುದು ನಿಂಬೆಯ ಉಪ್ಪಿನಕಾಯಿಯ ಹುಳಿ. ಈಗ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಇದರಲ್ಲಿ ಹಿಂಗಿದೆ, ಇದರಲ್ಲಿ ಮೆಂತ್ಯವಿದೆ ಎಂದು ಹೇಳಲು ಕಲಿಯುತ್ತಿದ್ದೇನೆ. ಹತ್ತರಲ್ಲಿ ಆರು ಸಲ ಸರಿಯಾಗುತ್ತದೆ. ಅವಳು ಅಂಕ ಕೊಡುವುದರಲ್ಲಿ ಬಿಗಿ.

ಮೊಮ್ಮಗಳಿಗೆ ಪತ್ರ ಬರೆದು ಅವಳು ಹೇಳಿದುದೇ ಸರಿಯೆಂದು ಒಪ್ಪಿಕೊಂಡೆನು. “ಪರವಾಗಿಲ್ಲ ತಾತ, ಪರೀಕ್ಷೆಯಲ್ಲಿ ಸಾವ್ವಾರ್, ಕೊನೆತ್ರ್ ಎರಡೂ ಸರಿ ಬರೆದೆ” ಎಂದು ಉತ್ತರ ಬಂದಿತು. ಅವಳು ಕ್ಷಮಿಸಿದ್ದಾಳೆ. ಆದರೆ ನಾನು ಪಾಠ ಹೇಳಿದ ಮಕ್ಕಳು ಈಗ ಎಲ್ಲೆಲ್ಲಿಯೋ ಇದ್ದಾರೆ. ಕೆಲವರು ತಾವೇ ಉಪಾಧ್ಯಾಯರಾಗಿದ್ದಾರೆ. ಅವರಿಗೆಲ್ಲ ಪತ್ರ ಬರೆಯುವುದು ನನ್ನಿಂದಾಗದು. ಅವರಲ್ಲಿ ಯಾರ ಕೈಗಾದರೂ ಈ ಸಂಚಿಕೆಯು ಬಂದರೆ, ಸವಿ ಎಂಬುದು ಲ್ಯಾಟಿನ್ ಮೂಲದ್ದೆಂದು ನಾನು ಬರೆಯಿಸಿದ ಆ ಒಂದು ಸಾಲನ್ನು ತಮ್ಮ ಟಿಪ್ಪಣಿಯ ಪುಸ್ತಕದಲ್ಲಿ ಹೊಡೆದುಹಾಕಬೇಕು. ತಮ್ಮ ಮಕ್ಕಳಿಗೆ ಹೇಳಿದ್ದರೆ ಅವರಿಗೂ ತಿಳಿಸಬೇಕು. ಅಂದು ಸಭೆಯಲ್ಲಿ ಕರತಾಡನಮಾಡಿದ ಸಹೃದಯರಲ್ಲಿಯೂ ಇದೇ ನನ್ನ ವಿಜ್ಞಾಪನೆ.